ಗುಜರಿಯ ಹತ್ತರಿಗೆ ಹೊಸ ಹಿಡಿ

ದಾವಣಗೆರೆಯ ಗುಜರಿ ಅಂಗಡಿಯಲ್ಲಿ ಹಳೇ ಕಬ್ಬಿಣದ ಹತ್ತರಿ, ಅಂದರೆ ಉಜ್ಜುಗೊರಡು, ಸಿಕ್ಕರೆ ಮೊದಲು ಬಾಯಿ ನೋಡಿ. ಉಳಿ ಇಣುಕುವ ಆ ಸೀಳಿನ ಅಕ್ಕಪಕ್ಕ ಎರಕ ಬಿರುಕು ಬಿಟ್ಟಿದ್ದರೆ ಅಲ್ಲೇ ಬಿಟ್ಟುಬನ್ನಿ. ತುಕ್ಕು, ಮೊಂಡಾದ ಉಳಿ, ಮುರಿದ ಹಿಡಿ ಎಲ್ಲಕ್ಕೂ ಮದ್ದಿದೆ. ಇಲ್ಲಿನ ಅಳತೆಗಳು ಸ್ಟ್ಯಾನ್ಲಿ ಕಂಪನಿಯ 4ನೇ ನಂಬರಿನ ಮಾದರಿಯವು: ಸುಮಾರು 9 ಇಂಚು ಉದ್ದ, 2 ಇಂಚಿನ ಉಳಿ.

ಎಲ್ಲ ಬಿಚ್ಚಿ, ಹಿತ್ತಾಳೆ ನಟ್ಟುಗಳನ್ನು ಬೇರೆ ಇಡಿ. ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ ಕಬ್ಬಿಣದ ಭಾಗ ಮುಳುಗಿಸಿ. ಎರಡು ಗಂಟೆಗೊಮ್ಮೆ ತೆಗೆದು ಬ್ರಶ್ ಹಾಕಿ. ಮರೆತು ದಿನಗಟ್ಟಲೆ ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಹಿತ್ತಾಳೆಯನ್ನೂ ಅದರಲ್ಲೇ ಹಾಕಿದರೆ ತಾಮ್ರದಂತೆ ಕೆಂಪಗಾಗುತ್ತದೆ. ಕೊನೆಗೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಒರೆಸಿ, ಕೂಡಲೇ ಮಷಿನ್ ಎಣ್ಣೆ ಹಚ್ಚಿ. ಚಹಾ ಕುಡಿದು ಬಂದು ಹಚ್ಚೋಣ ಅಂದರೆ ಅಷ್ಟರಲ್ಲಿ ಮತ್ತೆ ತುಕ್ಕು ಕೂತಿರುತ್ತದೆ.

ತಳ ಮಟ್ಟ ಮಾಡಲು ಅಡುಗೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು ಸಾಕು. ಅದರ ಮೇಲೆ 80ರ ಎಮರಿ ಪೇಪರ್ ಅಂಟಿಸಿ, ತಳಕ್ಕೆ ಪೆನ್ಸಿಲ್ ಗೀಟು ಎಳೆದು ಉಜ್ಜಿ. ಆಗ ಉಳಿ ಒಳಗೆ ಎಳೆದುಕೊಂಡು, ಆದರೆ ಬಿಗಿದೇ ಇರಬೇಕು. ಬಿಗಿದಾಗ ಎರಕ ಕೂದಲೆಳೆಯಷ್ಟು ಬಾಗುತ್ತದೆ. ಮುಂತುದಿ, ಬಾಯಂಚು, ಹಿಂತುದಿಯಲ್ಲಿ ಗೀಟು ಅಳಿದರೆ ಆಯಿತು. ಉಳಿದ ಕಡೆ ಕುಳಿಗಳಿದ್ದರೆ ಇರಲಿ, ಕನ್ನಡಿ ಹೊಳಪು ಯಾರಿಗೆ ಬೇಕು? ಉಳಿಯನ್ನು 25 ಡಿಗ್ರಿಗೆ ಸಾಣೆ ಹಿಡಿದು, ತುದಿಯನ್ನಷ್ಟೇ 30ಕ್ಕೆ ಮಸೆಯಿರಿ.

ಹೆಚ್ಚು ಜನ ಕೆಡಿಸುವುದು ಹಿಡಿಯನ್ನು. ಬಂಡಿ ಚಕ್ರಕ್ಕೆ ಬಳಸುವ ಕರಿಜಾಲಿ ಇದಕ್ಕೆ ಚೆನ್ನ. ಚೆನ್ನಾಗಿ ಒಣಗಿದ, 22 ಮಿ.ಮೀ. ದಪ್ಪದ ತುಂಡು ಬೇಕು. ಮುರಿದ ಹಿಡಿಯ ಚೂರುಗಳನ್ನು ಜೋಡಿಸಿ ರಟ್ಟಿನ ಮೇಲೆ ಆಕಾರ ಬರೆದುಕೊಳ್ಳಿ. ಮರದ ಎಳೆ ತಳಕ್ಕೆ ಸಮಾನಾಂತರವಾಗಿ ಓಡಬೇಕು. ಹಿಡಿಯೊಳಗಿಂದ ಹಾದು ತಳಕ್ಕೆ ಬಿಗಿಯುವ ರಾಡು ನಡುವನ್ನು ಹಿಡಿದಿರುತ್ತದೆ, ಆದರೆ ಮೇಲಿನ ಕೊಂಬಿಗೆ ಎಳೆಯೊಂದೇ ಆಧಾರ. ಎಳೆ ಮೇಲಿಂದ ಕೆಳಕ್ಕೆ ಓಡಿದ್ದರೆ ಹತ್ತರಿ ಒಮ್ಮೆ ಕೆಳಗೆ ಬಿದ್ದರೂ ಕೊಂಬು ಚಟ್ಟನೆ ಹಾರುತ್ತದೆ.

ಆಕಾರ ಕೊಯ್ಯುವ ಮೊದಲೇ ತೂತು ಕೊರೆಯಿರಿ. ಕೊಯ್ದ ಮೇಲೆ ಸೊಟ್ಟ ಹೋದರೆ ಮಾಡಿದ್ದೆಲ್ಲ ದಂಡ. ರಾಡಿಗೆ 6.5 ಮಿ.ಮೀ., ಮೇಲೆ ನಟ್ಟು ಕೂರಲು 12 ಮಿ.ಮೀ. ಅಗಲದ ತೂತನ್ನೇ ಮೊದಲು ಕೊರೆಯಿರಿ, ಆಮೇಲೆ ಅದರ ನಡುವಿಂದ ಸಣ್ಣದು. ರಾಡೇ ಹೋಗಿದ್ದರೆ ಎಂ6, ಅಂದರೆ 6 ಮಿ.ಮೀ. ಬೋಲ್ಟ್ ತುರುಕಬೇಡಿ: ಹಳೇ ಸ್ಟ್ಯಾನ್ಲಿ ಥ್ರೆಡ್ ಇಂಚಿಗೆ 20 ಸುತ್ತಿನ, ಅಂಗಡಿಯಲ್ಲಿ ಸಿಗದ ಅಳತೆ. ಮುಂದಿನ ಗುಂಡು ಹಿಡಿಯ ರಾಡನ್ನು ಮಾದರಿಗೆ ಕೊಟ್ಟು ಲೇತ್ ಅಂಗಡಿಯಲ್ಲಿ ಮಾಡಿಸಿ.

ಚಿತ್ರದುರ್ಗದ ಬೇಸಿಗೆಯಲ್ಲಿ ಮರ ಕುಗ್ಗಿ ಹಿಡಿ ಲೊಡಲೊಡ ಅನ್ನುತ್ತದೆ. ನಟ್ಟು ಕೊನೆಮುಟ್ಟಿಯೂ ಅಲುಗಾಡುತ್ತಿದ್ದರೆ ಇನ್ನೂ ತಿರುಗಿಸಬೇಡಿ. ನಟ್ಟಿನಡಿ ಒಂದು ತೆಳು ವಾಷರ್ ಹಾಕಿ.