ಜಿಪ್ಸಿ ಫ್ಲೋರ್: ಮೊದಲು ನೀರು, ಆಮೇಲೆ ಸದ್ದು

ಹಳೇ ಮಾರುತಿ ಜಿಪ್ಸಿಯಲ್ಲಿ ಸಕಲೇಶಪುರದಿಂದ ಬಿಸಿಲೆ ಕಡೆ ಹೋಗಿ ಬಂದವರಿಗೆ ಗೊತ್ತು, ಪಕ್ಕದ ಸೀಟಿನವರ ಜೊತೆ ಮಾತಾಡಬೇಕಾದ್ರೆ ಕೂಗಲೇಬೇಕು. ಹಾಗಂತ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ, ಸದ್ದು ತಗ್ಗಿಸುವ ಅಂಟು ಹಾಳೆ) ತಂದು ಸೀದಾ ಅಂಟಿಸಬೇಡಿ. ನನ್ನ ಗಾಡಿಗೆ ಹಿಂದಿನ ಮಾಲೀಕರು ತಗಡಿನ ಮೇಲೆ ಫೆಲ್ಟ್, ಅದರ ಮೇಲೆ ಕಾರ್ಪೆಟ್ ಹಾಕಿಸಿದ್ದರು. ನೋಡೋಕೆ ಚೆನ್ನಾಗಿಯೇ ಇತ್ತು. ಎರಡು ಮಳೆಗಾಲ ಕಳೆದು ಎತ್ತಿದರೆ ಫೆಲ್ಟ್ ನೆನೆದ ಗೋಣಿಚೀಲದ ಹಾಗೆ ನಾರುತ್ತಿತ್ತು, ಡ್ರೈವರ್ ಕಾಲಿನ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ತಗಡಿನಿಂದ ಆಚೆ ಹೋಯಿತು.

ಈ ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಮಾಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ನೀರು ತಡೆಯೋಕೆ ಹಚ್ಚುವ ಕೋಟಿಂಗಿನಲ್ಲಿ ಗುಳ್ಳೆ ಏಳುತ್ತದೆ.

ಬ್ಯಾಟರಿ ವೈರ್ ಬಿಚ್ಚಿ. ಸೀಟು, ಮ್ಯಾಟು ಎಲ್ಲ ತೆಗೆದು ಫ್ಲೋರ್ ತೊಳೆದು ಒಂದು ಪೂರ್ತಿ ದಿನ ಬಿಸಿಲಿಗೆ ಬಿಡಿ. ಬೋಲ್ಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿ, ಯಾವ ಸೀಟಿನದು ಅಂತ ಬರೆದಿಡಿ. ಆಮೇಲೆ ವೈರ್ ಬ್ರಷ್, 80 ನಂಬರ್ ಉಪ್ಪುಕಾಗದ, ಮತ್ತೆ ತಾಳ್ಮೆ. ಮೇಲಿನ ತುಕ್ಕನ್ನು ತಗಡು ಹೊಳೆಯುವವರೆಗೆ ತಿಕ್ಕಿ, ಗುಳಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ (ತುಕ್ಕು ಮುಂದೆ ಹಬ್ಬದ ಹಾಗೆ ಮಾಡುವ ದ್ರಾವಣ) ಹಚ್ಚಿ. ತೂತು ಬಿದ್ದಿದ್ದರೆ ಪುಟ್ಟಿ ಮೆತ್ತಬೇಡಿ. ಟಿಂಕರಿಂಗ್ ಅಂಗಡಿಯಲ್ಲಿ ಕತ್ತರಿಸಿ ಹೊಸ ತಗಡು ಹಾಕಿಸಿ, ಕೆಳಗೆ ಪೆಟ್ರೋಲ್ ಪೈಪ್ ಹೋಗಿರೋದನ್ನ ವೆಲ್ಡರ್‌ಗೆ ಮೊದಲೇ ತೋರಿಸಿ.

ಈಗ ಎಪಾಕ್ಸಿ ಪ್ರೈಮರ್, ಅಂದ್ರೆ ತಗಡಿಗೆ ಗಟ್ಟಿಯಾಗಿ ಹಿಡಿಯುವ ಮೊದಲ ಕೋಟ್. ಸೀಟಿನ ಬೋಲ್ಟ್ ತೂತು, ಅರ್ಥ್ ವೈರ್ ಕೂರುವ ಜಾಗಗಳಿಗೆ ಮೊದಲೇ ಟೇಪ್ ಹಾಕಿ. ನೀರು ಹೋಗುವ ತೂತಿನ ರಬ್ಬರ್ ಬಿರಡೆ ತೆಗೆದು ಅಂಚಿಗೂ ಪ್ರೈಮರ್ ಹಚ್ಚಿ, ಆದರೆ ತೂತು ಮುಚ್ಚಬಾರದು.

ಇಲ್ಲಿಂದ ಫ್ಲೋರನ್ನು ಎರಡು ಭಾಗ ಮಾಡಿಕೊಳ್ಳಿ. ನೀರು ನಿಲ್ಲುವ ಕಡೆ, ಅಂದ್ರೆ ಕಾಲಿಡುವ ಜಾಗ, ಮೂಲೆಗಳಿಗೆ ಪಾಲಿಯುರಿಥೇನ್ ಕೋಟಿಂಗ್. ಸದ್ದು ಮಾಡುವ ಕಡೆ ಶೀಟ್. ಸದ್ದಿನ ಜಾಗ ಹುಡುಕೋದು ಸುಲಭ, ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟಣ್ ಅನ್ನೋ ಕಡೆ ಚಾಕ್‌ನಲ್ಲಿ ಗುರುತು ಹಾಕಿ. ಗೇರ್‌ಬಾಕ್ಸ್ ಮೇಲಿನ ಉಬ್ಬು, ಹಿಂದಿನ ಚಕ್ರದ ಮೇಲ್ಭಾಗ ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ. ಶೀಟ್ ಕೂರುವ ಜಾಗಕ್ಕೆ ಬರೀ ನುಣುಪಾದ ಪೇಂಟ್ ಸಾಕು. ಒರಟು ಕೋಟಿಂಗ್ ಮೇಲೆ ಅಂಟಿಸಿದರೆ ಸಂದಿಯಲ್ಲಿ ನೀರು ಕೂರುತ್ತದೆ.

ಕೋಟಿಂಗನ್ನು ಮೂಲೆಗಳಿಗೆ ಬ್ರಷ್, ಉಳಿದ ಕಡೆ ರೋಲರ್ ಹಿಡಿದು ತೆಳ್ಳಗೆ ಎರಡು ಸಲ ಹಚ್ಚಿ. ಒಂದೇ ಸಲ ದಪ್ಪಗೆ ಬಳಿಯೋ ಆಸೆ ಬೇಡ. ಇದರ ಹೊಗೆಯಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಏನೂ ತಡೆಯಲ್ಲ. ಪೇಂಟಿನ ಆವಿಗೆ ಅಂತಲೇ ಬರುವ ಕಾರ್ಟ್ರಿಜ್ ಮಾಸ್ಕ್ ಹಾಕಿ, ಬಯಲಲ್ಲಿ ಕೆಲಸ ಮಾಡಿ.

ಶೀಟಿಗೆ 2 ಮಿ.ಮೀ. ಬ್ಯೂಟೈಲ್ ರಬ್ಬರ್, ಮೇಲೆ ಅಲ್ಯೂಮಿನಿಯಂ ಹಾಳೆ ಇರೋದು ತನ್ನಿ. ಅಗ್ಗದ ಡಾಂಬರು ಶೀಟ್ ಬಿಸಿಲಿಗೆ ಮೆತ್ತಗಾಗಿ ವಾಸನೆ ಬರುತ್ತದೆ. ಇಡೀ ಫ್ಲೋರ್ ಮುಚ್ಚಬೇಕಿಲ್ಲ. ತಗಡಿನ ನಡುಕ ನಿಲ್ಲಿಸೋಕೆ ಪ್ರತಿ ತಗಡಿನ ಕಾಲು ಭಾಗದಿಂದ ಅರ್ಧ ಸಾಕು, ಮಿಕ್ಕಿದ್ದು ಸುಮ್ನೆ ಭಾರ. ಮೇಲಿನ ಚೌಕುಳಿ ಗೀರು ಮಾಯವಾಗುವವರೆಗೆ ಗಟ್ಟಿ ರೋಲರಿನಿಂದ ಒತ್ತಿ, ಅಂಚಿಗೆ ಸೀಲೆಂಟ್ ಎಳೆಯಿರಿ. ಮತ್ತೆ ತಟ್ಟಿ ನೋಡಿ, ಟಣ್ ಹೋಗಿ ದಬ್ ಅನ್ನಬೇಕು.

ಮೇಲೆ 6 ಮಿ.ಮೀ. ಕ್ಲೋಸ್ಡ್ ಸೆಲ್ (ನೀರು ಹೀರದ) ಫೋಮ್, ಅದರ ಮೇಲೆ ದಪ್ಪ ರಬ್ಬರ್ ಮ್ಯಾಟ್. ಎರಡನ್ನೂ ಅಂಟಿಸಬೇಡಿ, ಎತ್ತಿ ಒಣಗಿಸೋಕೆ ಬರಬೇಕು. ಅಂಗಡಿಯವರು ಎಲ್ಲ ಫೋಮನ್ನೂ ವಾಟರ್‌ಪ್ರೂಫ್ ಅಂತಲೇ ಮಾರುತ್ತಾರೆ. ಒಂದು ತುಂಡು ಬಕೆಟ್‌ನಲ್ಲಿ ಮುಳುಗಿಸಿ ಹಿಂಡಿ, ನೀರು ಸುರಿದರೆ ವಾಪಸ್ ಕೊಡಿ.

ಹಾಂ, ಗೇರ್ ಲಿವರಿನ ರಬ್ಬರ್ ಬೂಟ್! ಜಿಪ್ಸಿಯಲ್ಲಿ ಎರಡು ಲಿವರ್ ಅಲ್ವಾ, ಗೇರಿನದೊಂದು, ಫೋರ್ ವೀಲ್ ಡ್ರೈವಿನದೊಂದು, ಎರಡನ್ನೂ ನೋಡಿ. ರಾತ್ರಿ ಕೆಳಗಿನಿಂದ ಟಾರ್ಚ್ ಬಿಟ್ಟು ಒಳಗೆ ಕೂತರೆ ಬೆಳಕು ಎಲ್ಲಿ ಬರುತ್ತೋ ಸದ್ದು, ಬಿಸಿಗಾಳಿ, ಕೆಸರು ಎಲ್ಲ ಅಲ್ಲಿಂದಲೇ ಬರುತ್ತದೆ. ಹರಿದಿದ್ದರೆ ಬದಲಾಯಿಸಿ.

ಕ್ಯಾನ್ವಾಸ್ ಟಾಪಿನ ಗಾಳಿ ಸದ್ದು, ಮಡ್ ಟೈರಿನ ಗುಂಯ್ ಇದರಿಂದ ಹೋಗಲ್ಲ. ಫ್ಲೋರಿನ ನಡುಕ ಕಡಿಮೆಯಾಗುತ್ತದೆ, ಕಾಲಿಗೆ ಬಿಸಿ ತಟ್ಟೋದೂ ಇಳಿಯುತ್ತದೆ. ಮೊದಲ ಸಲ ಹಳ್ಳ ದಾಟಿ ಬಂದ ದಿನವೇ ಬಿರಡೆ ತೆಗೆದು, ಮ್ಯಾಟ್ ಎತ್ತಿ, ಶೀಟಿನ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತುತ್ತಾ ಬನ್ನಿ. ಎಲ್ಲಾದರೂ ಪಚಕ್ ಅಂದರೆ ಆ ತುಂಡು ಕಿತ್ತು, ಒಣಗಿಸಿ, ಹೊಸದು ಅಂಟಿಸಿ.