ಮರಗಸಿ ಕಂಟ್ರಾಕ್ಟು, ವಿಮೆ ಮಾತ್ರ ನನ್ನ ಹೆಸರಲ್ಲಿ

"ಕಂಟ್ರಾಕ್ಟ್ ಕೊಟ್ಮೇಲೆ ಅವನ ಆಳು ಅವನ ತಲೆನೋವು. ನೀನ್ಯಾಕೆ ದುಡ್ಡು ಸುರೀತೀಯ ಮಾರಾಯ?" ಅಂತ ಚಿಕ್ಕಮಗಳೂರಿನ ಆಲ್ದೂರು ಕಡೆ ನನ್ನ ನೋಡಿ ನಗದವರಿಲ್ಲ. ತೋಟದ ಮರಗಸಿಗೆ, ಅಂದ್ರೆ ನೆರಳಿನ ಮರಗಳ ಕೊಂಬೆ ಕಡಿಯೋಕೆ, ಬರುವ ಕಂಟ್ರಾಕ್ಟರ್ ಆಳುಗಳಿಗೆ ನಾನು ವಿಮೆ ಮಾಡಿಸ್ತೀನಿ ಅಂತ ಆ ನಗು. ಈಗ ಅವರೇ ಪಾಲಿಸಿ ಜೆರಾಕ್ಸ್ ಕೇಳಿಕೊಂಡು ಮನೆಗೆ ಬರ್ತಾರೆ.

2018ರಲ್ಲಿ ಮರಗಸಿಗೆ ಬಂದ ಆಳೊಬ್ಬ ಬಿದ್ದು ಸೊಂಟ ಮುರಿದುಕೊಂಡ. 'ಅವಘಡವಾದರೆ ಗುತ್ತಿಗೆದಾರನೇ ಹೊಣೆ' ಅಂತ ಛಾಪಾ ಕಾಗದದಲ್ಲಿ ಬರೆಸಿಕೊಂಡಿದ್ದೆನಲ್ಲ, ಧೈರ್ಯವಾಗಿದ್ದೆ. ಕಂಟ್ರಾಕ್ಟರ್ ಫೋನ್ ಸ್ವಿಚಾಫ್. ವಕೀಲರು ಕಾಗದ ಓದಿ ಪಕ್ಕಕ್ಕಿಟ್ಟರು. ಆಗಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 12ನೇ ಕಲಂ ಪ್ರಕಾರ, ನಮ್ಮ ಕಸುಬಿನ ಕೆಲಸ ಗುತ್ತಿಗೆಗೆ ಕೊಟ್ಟರೂ ಆಳು ನಮ್ಮಿಂದಲೇ ಪರಿಹಾರ ಕೇಳಬಹುದು. ಮೊದಲು ನಾವು ಕೊಡಬೇಕು, ಆಮೇಲೆ ಕಂಟ್ರಾಕ್ಟರ್ ಹತ್ತಿರ ವಸೂಲಿ. ಫೋನೇ ಎತ್ತದವನ ಹತ್ತಿರ ಏನು ವಸೂಲಿ? ಆಸ್ಪತ್ರೆ, ರಾಜಿ ಎಲ್ಲ ಸೇರಿ ಎರಡೂಮುಕ್ಕಾಲು ಲಕ್ಷ. ಆ ವರ್ಷದ ಮೆಣಸೆಲ್ಲ ಅದಕ್ಕೇ ಹೋಯ್ತು.

ಮುಂದಿನ ವರ್ಷ ಹನ್ನೆರಡು ಆಳುಗಳಿಗೆ ಹೆಸರು ಹಾಕಿಸಿ ಅಪಘಾತ ವಿಮೆ ಮಾಡಿಸಿದೆ. ಮೂರನೇ ವಾರಕ್ಕೆ ಪಟ್ಟಿಯಲ್ಲಿದ್ದವರು ನಾಲ್ಕೇ ಜನ, ಉಳಿದವರೆಲ್ಲ ಹೊಸಬರು. ಆ ದುಡ್ಡು ನೀರುಪಾಲು. ಅದರ ಮರುವರ್ಷ ಇನ್ನೊಬ್ಬ ಕಂಟ್ರಾಕ್ಟರ್ ತನ್ನದೇ ಪಾಲಿಸಿ ತೋರಿಸಿದ. ನಂಬರ್ ಹಾಕಿ ವಿಚಾರಿಸಿದರೆ ಅದು ಮುಗಿದು ನಾಲ್ಕು ತಿಂಗಳಾಗಿತ್ತು, ಅದೂ ಗಾರೆ ಕೆಲಸಕ್ಕೆ ಮಾಡಿಸಿದ್ದು!

ನಡುವೆ ಇನ್ನೊಂದು ಹುಚ್ಚು. ಅಲ್ಯೂಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗುತ್ತೆ ಅಂತ ಫೈಬರ್ ಏಣಿ ತಂದೆ. ಹದಿನೆಂಟು ಸಾವಿರವೋ ಏನೋ ಆಯ್ತು. ಭಾರ ಅಂತ ಆಳುಗಳು ಎರಡೇ ದಿನಕ್ಕೆ ಕಣದ ಮೂಲೆಗೆ ಒರಗಿಸಿದರು. ಈಗ ಅದರ ಮೇಲೆ ಕೋಳಿ ಮಲಗುತ್ತವೆ. ಲೈನ್ ಹತ್ತಿರದ ಸಿಲ್ವರ್ ಓಕ್ ಮರಗಳಿಗೆ ಮಾತ್ರ ಅದೇ ಏಣಿ, ನಾನೇ ನಿಂತು ಹತ್ತಿಸ್ತೀನಿ.

ಕೊನೆಗೆ 2022ರಲ್ಲಿ ನೌಕರರ ಪರಿಹಾರ ಪಾಲಿಸಿಯನ್ನು ನನ್ನ ಹೆಸರಲ್ಲೇ ತಗೊಂಡೆ. ಆಳುಗಳ ಹೆಸರಿಲ್ಲ, ಸಂಖ್ಯೆ ಮತ್ತು ವರ್ಷದ ಕೂಲಿ ಮೊತ್ತ ಮಾತ್ರ. ಗುತ್ತಿಗೆದಾರನ ಆಳುಗಳೂ ಸೇರಿದ್ದಾರೆ ಅಂತ ಬೇರೆಯಾಗಿ ಬರೆಸಬೇಕು, ಇಲ್ಲದಿದ್ದರೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್, ನಮ್ಮ ಕಾಯಂ ಆಳುಗಳಿಗಷ್ಟೇ ಸಿಗುತ್ತೆ. ಆಸ್ಪತ್ರೆ ಖರ್ಚಿಗೂ ಹಾಗೇ, ಕೇಳಿ ಸೇರಿಸಬೇಕು. ಕೆಲಸದ ವಿವರಕ್ಕೆ 'ತೋಟದ ಕೆಲಸ' ಅಂತಷ್ಟೇ ಬರೆಯೋಕೆ ಹೊರಟಿದ್ದ ಏಜೆಂಟನ ಕೈ ಹಿಡಿದು 'ಮರ ಹತ್ತುವುದು, ಏಣಿ ಮೇಲಿನ ಮೆಣಸು ಕೊಯ್ಲು' ಅಂತ ಸೇರಿಸಿದೆ. ಪ್ರೀಮಿಯಂ ಹನ್ನೊಂದು ಸಾವಿರ ಚಿಲ್ಲರೆ. ಅರ್ಧ ಕಂಟ್ರಾಕ್ಟರ್ ಬಿಲ್ಲಲ್ಲಿ ಮುರಿದೆ. ಅವನು ಒಪ್ಪಿದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ಪಕ್ಕದ ತೋಟದವರು ಪ್ರೀಮಿಯಂ ಉಳಿಸೋಕೆ ಕೂಲಿ ಅರ್ಧ ತೋರಿಸಿದ್ದಾರೆ. ನಾನು ಹಾಗೆ ಮಾಡಲಿಲ್ಲ. ನಲವತ್ತು ವರ್ಷದವನು ಸತ್ತರೆ ಎಷ್ಟು ಪರಿಹಾರ ಅಂತ ಲೆಕ್ಕ ಹಾಕಿ: ಆಗಿನ ಕಾಯ್ದೆಯಲ್ಲಿ ತಿಂಗಳ ಸಂಬಳದ ಮಿತಿ 15,000, ಅದರ ಅರ್ಧವನ್ನು ಆ ವಯಸ್ಸಿಗೆ ಕಾಯ್ದೆ ಕೊಟ್ಟಿದ್ದ ಅಂಕಿ 184.17ರಿಂದ ಗುಣಿಸಿ ನೋಡಿ. 13 ಲಕ್ಷ 80 ಸಾವಿರ ದಾಟುತ್ತೆ.

2024ರ ಮೇನಲ್ಲಿ ಒಬ್ಬ ಜಾರಿ ಬಿದ್ದು ಮಣಿಕಟ್ಟು ಪುಡಿಯಾಯ್ತು. ಕಂಪನಿಯವನು ತೋಟಕ್ಕೇ ಬಂದು ಹಾಜರಿ ಪುಸ್ತಕ ಕೇಳಿದ. ಹೆಬ್ಬೆಟ್ಟು ಇತ್ತು, ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ಇತ್ತು, ಕೂಲಿ ಫೋನ್‌ಪೇಲಿ ಹಾಕಿದ್ದೂ ಇತ್ತು. ಐದು ತಿಂಗಳು ಓಡಾಡಿಸಿ ಲಕ್ಷದ ತೊಂಬತ್ತು ಸಾವಿರದ ಹತ್ತಿರ ಕೊಟ್ಟರು. ನನ್ನ ಜೇಬಿಂದ ಹೋಗಿದ್ದು ಆಂಬುಲೆನ್ಸ್ ಬಾಡಿಗೆ, ಆಸ್ಪತ್ರೆಯಲ್ಲಿ ಅವನ ಹೆಂಡತಿಯ ಊಟದ ಖರ್ಚು ಅಷ್ಟೇ.

ಈ ಸಲ ಮರಗಸಿಗೆ ಬಂದ ಕಂಟ್ರಾಕ್ಟರ್ ರೇಟ್ ಮಾತಾಡೋಕೆ ಮುಂಚೆ ಕೇಳಿದ್ದು, "ಅಣ್ಣಾ, ಪಾಲಿಸಿ ರಿನ್ಯೂ ಆಗಿದೆಯಲ್ವಾ?"