ಹೆರಿಗೆ ರಜೆ: ಮರಳುವ ದಿನದಿಂದ ಲೆಕ್ಕ ಶುರುವಾಗಲಿ

ಹೆರಿಗೆ ರಜೆಗೆ ಅರ್ಜಿ ಬರೆಯಲು ಕುಳಿತಾಗ ಎಲ್ಲರೂ ಮೊದಲು ಯೋಚಿಸುವುದು ರಜೆ ಯಾವತ್ತಿನಿಂದ ಹಾಕಬೇಕು ಎಂದು. ಅದಕ್ಕಿಂತ ಮೊದಲು ಯೋಚಿಸಬೇಕಾದದ್ದು ತಾಯಿ ಕೆಲಸಕ್ಕೆ ಮರಳುವ ದಿನದ ಬಗ್ಗೆ. ಆ ಬೆಳಿಗ್ಗೆ ಮಗುವಿಗೆ ಎಷ್ಟು ತಿಂಗಳಾಗಿರುತ್ತದೆ? ಯಾರು ಎತ್ತಿಕೊಳ್ಳುತ್ತಾರೆ? ಅಪ್ಪನ ಕೈಯಲ್ಲಿ ರಜೆ ಉಳಿದಿರುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಉಳಿದ ದಿನಾಂಕಗಳು ತಾವಾಗಿಯೇ ಕೂಡಿಬರುತ್ತವೆ. ಕಾಸರಗೋಡಿನ ನಮ್ಮಂಥವರಿಗೆ ಈ ಲೆಕ್ಕ ಇನ್ನೂ ಮುಖ್ಯ. ಮನೆ ಕುಂಬಳೆಯಲ್ಲಿ, ಕಚೇರಿ ಮಂಗಳೂರಿನಲ್ಲಿ, ತವರು ಪುತ್ತೂರಿನಲ್ಲಿ, ಗಂಡ ದುಬೈಯಲ್ಲಿ ಎಂಬಂತಹ ಸಂಸಾರಗಳು ಇಲ್ಲಿ ಸಾಮಾನ್ಯ.

ಮೊದಲು, ನಿಮಗೆ ಯಾವ ನಿಯಮ ಅನ್ವಯಿಸುತ್ತದೆ ನೋಡಿ

ಖಾಸಗಿ ಉದ್ಯೋಗದಲ್ಲಿರುವವರಿಗೆ ಹೆರಿಗೆ ರಜೆ ಕೇಂದ್ರದ ಕಾನೂನು. ಹಾಗಾಗಿ ಕೇರಳ–ಕರ್ನಾಟಕ ಗಡಿಯ ತಲಪಾಡಿಯ ಆಚೆ ಈಚೆ ಎಂಬ ಭೇದ ಅದಕ್ಕಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಬಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ 26 ವಾರ ಮುಂದುವರಿದಿದೆ. ಎರಡು ಮಕ್ಕಳಿದ್ದು ಮೂರನೆಯ ಹೆರಿಗೆಯಾದರೆ 12 ವಾರ. ನಿರೀಕ್ಷಿತ ಹೆರಿಗೆ ದಿನಾಂಕದ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಸಂಸ್ಥೆಯಲ್ಲಿ ಕೆಲಸ ಮಾಡಿರಬೇಕು.

ತಿಂಗಳ ಸಂಬಳ 21,000 ರೂಪಾಯಿಯವರೆಗೆ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ, ರಜೆಯ ಹಣ ಕೊಡುವುದು ಮಾಲೀಕರಲ್ಲ, ಇಎಸ್‌ಐ ನಿಗಮ. ಅವಧಿ ಅದೇ 26 ವಾರ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಆರಾರು ತಿಂಗಳು) 70 ದಿನಗಳ ವಂತಿಗೆ ಕಟ್ಟಿರಬೇಕು. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ತೋರಿಸಿದ್ದರೂ ಅದು ನಿಮ್ಮ ಹೆಸರಿಗೆ ಜಮೆಯಾಗಿದೆಯೇ ಎಂದು ಐದನೆಯ ತಿಂಗಳೊಳಗೇ ನೋಡಿಕೊಳ್ಳಿ. ಹೆರಿಗೆಯ ಹೊತ್ತಿಗೆ ಅದರ ಹಿಂದೆ ಓಡಾಡುವ ಶಕ್ತಿ ಯಾರಿಗೂ ಇರುವುದಿಲ್ಲ.

ಸರ್ಕಾರಿ ನೌಕರರಿಗೆ 180 ದಿನ. ಇದು ಕೇರಳಕ್ಕೂ ಕರ್ನಾಟಕಕ್ಕೂ ಕೇಂದ್ರಕ್ಕೂ ಒಂದೇ. ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕಿಯರು ಕೇರಳ ಸೇವಾ ನಿಯಮಗಳಡಿ ಬರುತ್ತಾರೆ. ಅವರ ರಜೆ ಕೇರಳ ಸರ್ಕಾರಿ ನೌಕರರ ಸೇವೆ, ಸಂಬಳದ ‘ಸ್ಪಾರ್ಕ್’ ತಂತ್ರಾಂಶದಲ್ಲಿ ದಾಖಲಾಗಿದೆಯೇ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ರೈಲ್ವೆ, ಅಂಚೆ ಇಂಥ ಕಡೆ ಕೆಲಸ ಮಾಡುವವರಿಗೆ ಹೆರಿಗೆ ರಜೆಯ ಜತೆಗೆ ಶಿಶುಪಾಲನಾ ರಜೆಯೂ ಇದೆ. ಕೇಂದ್ರ ಸರ್ಕಾರದ ನಿಯಮದಂತೆ ಇಡೀ ಸೇವಾವಧಿಯಲ್ಲಿ 730 ದಿನ. ಮೊದಲ 365 ದಿನಕ್ಕೆ ಪೂರ್ತಿ ಸಂಬಳ, ಉಳಿದದ್ದಕ್ಕೆ ಶೇ 80. ಅದನ್ನು ಮೊದಲ ವರ್ಷದಲ್ಲೇ ಖರ್ಚು ಮಾಡಬೇಡಿ. ಮಗುವಿಗೆ 18 ವರ್ಷ ತುಂಬುವವರೆಗೆ ಅದಕ್ಕೆ ಬೆಲೆ ಇದೆ.

ಖಾಸಗಿ ಶಾಲೆಯ ಶಿಕ್ಷಕಿಯರಿಗೆ ‘ನಿಮಗೆ ಇದೆಲ್ಲ ಇಲ್ಲ’ ಎಂದು ಹೇಳಿ ಕಳುಹಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಕೇರಳದಲ್ಲಿ 2020ರಲ್ಲಿಯೇ ಖಾಸಗಿ ಶಿಕ್ಷಣ ಸಂಸ್ಥೆಗಳ ನೌಕರರನ್ನು ಹೆರಿಗೆ ಸೌಲಭ್ಯ ಕಾಯ್ದೆಯೊಳಗೆ ತರಲಾಗಿದೆ. ಗುತ್ತಿಗೆ ಮುಗಿಯುತ್ತದೆ ಎಂಬ ಕಾರಣಕ್ಕೆ ಹೆರಿಗೆ ಸೌಲಭ್ಯವನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಇದು ಕಾನೂನು ಕೊಟ್ಟ ಹಕ್ಕು. ಕೇಳಲು ಸಂಕೋಚ ಬೇಡ.

ದಿನಾಂಕಗಳನ್ನು ಹಾಳೆಯ ಮೇಲೆ ಬರೆಯಿರಿ

ಒಂದು ಉದಾಹರಣೆ. ಉಪ್ಪಳದಿಂದ ಮಂಗಳೂರಿಗೆ ಹೋಗಿಬರುವ ಒಬ್ಬ ಉದ್ಯೋಗಸ್ಥೆ. ವೈದ್ಯರು ಹೇಳಿದ ದಿನಾಂಕ ಜೂನ್ 1, ಸೋಮವಾರ. ಹೆರಿಗೆಗೆ ಮುಂಚೆ ಗರಿಷ್ಠ 8 ವಾರ ರಜೆ ಪಡೆಯಬಹುದು. ಅಷ್ಟನ್ನೂ ಪಡೆದರೆ ರಜೆ ಏಪ್ರಿಲ್ 6ಕ್ಕೆ ಶುರುವಾಗಿ ಅಕ್ಟೋಬರ್ 4ಕ್ಕೆ ಮುಗಿಯುತ್ತದೆ. ಅಕ್ಟೋಬರ್ 5ರಂದು ಆಕೆ ಕೆಲಸಕ್ಕೆ ಹೊರಡುವಾಗ ಮಗುವಿಗೆ 18 ವಾರ, ಅಂದರೆ ನಾಲ್ಕು ತಿಂಗಳು. ಆಗ ಅದು ಎದೆಹಾಲಲ್ಲದೆ ಬೇರೇನೂ ಕುಡಿಯದ ವಯಸ್ಸು. ಹೆರಿಗೆಯ ದಿನದಿಂದಲೇ ರಜೆ ಹಾಕಿದರೆ ಮರಳುವುದು ನವೆಂಬರ್ 30ಕ್ಕೆ. ಮಗುವಿಗೆ ಆರು ತಿಂಗಳಾಗಿ, ರಾಗಿ ಮಣ್ಣಿ ತಿನ್ನಲು ಆರಂಭಿಸಿರುತ್ತದೆ. ಒಂದೇ 26 ವಾರ, ಮಗುವಿನ ಪಾಲಿಗೆ ಎರಡು ತಿಂಗಳ ಅಂತರ.

ಹಾಗೆಂದು ಕೊನೆಯ ದಿನದವರೆಗೆ ದುಡಿಯಿರಿ ಎಂದು ನಾನು ಹೇಳುವುದಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. ಬೆಳಗಿನ ರೈಲಿನ ನೂಕುನುಗ್ಗಲು, ಇಲ್ಲವೇ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಆತುಕೊಂಡು ನಿಲ್ಲುವುದು. ಒಂಬತ್ತನೆಯ ತಿಂಗಳಲ್ಲಿ ಅದು ಯಾರಿಗೂ ಬೇಡ. ಕಾನೂನಿನಲ್ಲಿ, ಕೆಲಸದ ಸ್ವರೂಪ ಹೊಂದುವುದಾದರೆ ಮನೆಯಿಂದ ಕೆಲಸ ಮಾಡುವ ಒಪ್ಪಂದಕ್ಕೂ ಅವಕಾಶವಿದೆ. ಅದು ಹೆರಿಗೆ ರಜೆಯ ನಂತರದ ಅವಧಿಗೆ ಹೇಳಿರುವ ಮಾತಾದರೂ, ಕೊನೆಯ ತಿಂಗಳಿಗೂ ಅದನ್ನೇ ಕೇಳಿನೋಡಿ. ಸಿಗದಿದ್ದರೆ ಗಳಿಕೆ ರಜೆಯ ಐದಾರು ದಿನಗಳನ್ನು ಹೆರಿಗೆಗೆ ಮುಂಚೆ ಬಳಸಿ, ಹೆರಿಗೆ ರಜೆಯನ್ನು ಆದಷ್ಟು ಮುಂದಕ್ಕೆ ತಳ್ಳಿ. ರಕ್ತದೊತ್ತಡ, ಸಕ್ಕರೆ ಅಥವಾ ಅವಧಿಪೂರ್ವ ಹೆರಿಗೆಯ ಭಯವಿದ್ದವರು ಈ ಲೆಕ್ಕವನ್ನೆಲ್ಲ ಬದಿಗಿಟ್ಟು ವೈದ್ಯರ ಮಾತು ಕೇಳಬೇಕು. ಗರ್ಭ ಅಥವಾ ಹೆರಿಗೆಯಿಂದ ಬಂದ ಕಾಯಿಲೆಗೆ, ವೈದ್ಯರ ಪ್ರಮಾಣಪತ್ರದ ಮೇಲೆ ಇನ್ನೂ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆ ಪ್ರತ್ಯೇಕವಾಗಿ ಸಿಗುತ್ತದೆ. ಬಾಣಂತನದಲ್ಲಿ ಎರಡು ವಾರ ಮೀರಿಯೂ ಮನಸ್ಸು ಕುಗ್ಗಿಯೇ ಇದ್ದರೆ ಅದನ್ನೂ ವೈದ್ಯರಿಗೆ ಹೇಳಲೇಬೇಕು.

26 ವಾರ ಎಂದರೆ ಎಡೆಬಿಡದ 182 ದಿನ. ಭಾನುವಾರ, ಓಣಂ, ದಸರಾ ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ಆ ಭಾನುವಾರಗಳಿಗೂ ಸೌಲಭ್ಯ ಲೆಕ್ಕವಾಗಬೇಕು ಎಂಬುದು ಕೊಯಮತ್ತೂರಿನಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿಯೇ ತೀರ್ಮಾನಿಸಿದ ವಿಷಯ.

ಪತ್ರ ಹೀಗಿರಲಿ

ಬಾಯಿಮಾತಿನ ಒಪ್ಪಿಗೆ ಸಾಲದು. ಏಳನೆಯ ತಿಂಗಳೊಳಗೆ ಇಷ್ಟು ಬರೆದು ಕೊಡಿ, ಇಮೇಲ್‌ನಲ್ಲೂ ಕಳುಹಿಸಿ:

“ನನ್ನ ಹೆರಿಗೆಯ ನಿರೀಕ್ಷಿತ ದಿನಾಂಕ ಜೂನ್ 1. ವೈದ್ಯರ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಮೇ 25ರಿಂದ 26 ವಾರಗಳ ಹೆರಿಗೆ ರಜೆ ಪಡೆಯುತ್ತಿದ್ದು, ನವೆಂಬರ್ 23ರಂದು ಕೆಲಸಕ್ಕೆ ಹಾಜರಾಗುತ್ತೇನೆ. ಈ ಅವಧಿಯಲ್ಲಿ ಬೇರೆ ಯಾವುದೇ ಸಂಸ್ಥೆಯಲ್ಲಿ ಕೆಲಸ ಮಾಡುವುದಿಲ್ಲ. ಹೆರಿಗೆ ಸೌಲಭ್ಯದ ಮೊತ್ತವನ್ನು ನನ್ನ ಸಂಬಳದ ಖಾತೆಗೆ ಜಮಾ ಮಾಡಬೇಕಾಗಿ ವಿನಂತಿ.”

ಬೇರೆಡೆ ಕೆಲಸ ಮಾಡುವುದಿಲ್ಲ ಎಂಬ ಸಾಲನ್ನು ಕಾನೂನೇ ಕೇಳುತ್ತದೆ, ಬಿಡಬೇಡಿ. ಹೆರಿಗೆ ಅಂದುಕೊಂಡದ್ದಕ್ಕಿಂತ ಮೊದಲೇ ಆಗಿ ಪತ್ರ ಕೊಡಲು ಸಾಧ್ಯವಾಗದಿದ್ದರೆ, ಹೆರಿಗೆಯ ನಂತರ ಬೇಗನೆ ಕೊಟ್ಟರೂ ನಡೆಯುತ್ತದೆ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿಯೂ, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಗಳಲ್ಲಿಯೂ ಕೊಡಬೇಕು ಎನ್ನುತ್ತದೆ ಕಾನೂನು. ಆಸ್ಪತ್ರೆಯ ಖರ್ಚನ್ನು ಸಂಸ್ಥೆ ನೋಡಿಕೊಳ್ಳದಿದ್ದರೆ 3,500 ರೂಪಾಯಿಯ ವೈದ್ಯಕೀಯ ಬೋನಸ್ ಕೂಡ ಕೇಳಬಹುದು.

ಗಡಿಯ ಕಾರಣಕ್ಕೆ ಒಂದು ಕಿವಿಮಾತು. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದರೆ ಪ್ರಮಾಣಪತ್ರ ಕರ್ನಾಟಕದ್ದು, ಕಾಸರಗೋಡಿನಲ್ಲಿ ಹುಟ್ಟಿದರೆ ಕೇರಳದ್ದು. ಮನೆಯ ವಿಳಾಸ ಎಲ್ಲಿಯದಾದರೂ ಇದು ಬದಲಾಗುವುದಿಲ್ಲ. ನೋಂದಣಿಗೆ 21 ದಿನಗಳ ಗಡುವು. ಆಸ್ಪತ್ರೆಯಿಂದ ಹೊರಡುವ ಮುನ್ನ ಅಪ್ಪ, ಅಮ್ಮನ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿ ಇರುವಂತೆಯೇ ಇವೆಯೇ ಎಂದು ಓದಿ ನೋಡಿ. ಕನ್ನಡದ ಹೆಸರು ಮಲಯಾಳದ ದಾಖಲೆಗೆ ಹೋಗಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಕಾಗುಣಿತ ಬದಲಾಗುವುದುಂಟು; ಆಮೇಲೆ ತಿದ್ದಿಸಲು ಎರಡೂ ರಾಜ್ಯಗಳ ನಡುವೆ ಓಡಾಡಬೇಕಾಗುತ್ತದೆ.

ಅಪ್ಪನ ರಜೆ ಮೊದಲ ವಾರದಲ್ಲೇ ಮುಗಿಯದಿರಲಿ

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಅಲ್ಲಿ ಅಜ್ಜಿ ಇದ್ದಾರೆ, ಎಣ್ಣೆ ಹಚ್ಚಿ ಮೀಯಿಸಲು ಬರುವವರಿದ್ದಾರೆ, ಬಾಣಂತಿ ಮದ್ದು ಸಿದ್ಧವಾಗಿದೆ. ಇದೇ ಸಮಯಕ್ಕೆ ಅಳಿಯ ಇದ್ದ ರಜೆಯನ್ನೆಲ್ಲ ಹಾಕಿ ಬಂದು ಜಗಲಿಯಲ್ಲಿ ಕುಳಿತಿರುತ್ತಾನೆ. ಮೂರು ತಿಂಗಳು ಕಳೆದು ಹೆಂಡತಿ ಮಗು ಮನೆಗೆ ಬಂದಾಗ, ರಾತ್ರಿ ಎದ್ದು ಮಗುವನ್ನು ಎತ್ತಿಕೊಳ್ಳಲು ಎರಡನೆಯ ಜೊತೆ ಕೈ ಬೇಕಾದಾಗ, ಅವನ ಬಳಿ ಒಂದು ದಿನವೂ ಉಳಿದಿರುವುದಿಲ್ಲ.

ಪಿತೃತ್ವ ರಜೆ ಕೇಂದ್ರ ಮತ್ತು ಕರ್ನಾಟಕ ಸರ್ಕಾರಿ ನೌಕರರಿಗೆ 15 ದಿನ, ಕೇರಳ ಸರ್ಕಾರಿ ನೌಕರರಿಗೆ 10 ದಿನ. ಕೇಂದ್ರದ ನೌಕರರು ಹೆರಿಗೆಯಾದ ಆರು ತಿಂಗಳೊಳಗೆ ಇದನ್ನು ಬಳಸಬೇಕು, ಇಲ್ಲವಾದರೆ ಕಳೆದುಹೋಗುತ್ತದೆ. ನನ್ನ ಸಲಹೆ ಇಷ್ಟು: ಹೆರಿಗೆಯ ದಿನಗಳಲ್ಲಿ ಆಸ್ಪತ್ರೆಯ ಬಿಲ್ಲು, ಜನನ ನೋಂದಣಿ, ಇಎಸ್‌ಐ ಕಾಗದಗಳಿಗಾಗಿ ಮೂರು ನಾಲ್ಕು ದಿನ ಸಾಂದರ್ಭಿಕ ರಜೆ ಹಾಕಿ. ಪಿತೃತ್ವ ರಜೆಯನ್ನು ತಾಯಿ–ಮಗು ತವರಿನಿಂದ ಮನೆಗೆ ಬರುವ ವಾರಕ್ಕೋ, ಗಡುವಿನೊಳಗೆ ಬರುವುದಾದರೆ ಆಕೆ ಕೆಲಸಕ್ಕೆ ಮರಳುವ ವಾರಕ್ಕೋ ಇಟ್ಟುಕೊಳ್ಳಿ. ಸಿಸೇರಿಯನ್ ಆಗಿದ್ದರೆ ಅಥವಾ ಬಾಣಂತನಕ್ಕೆ ಹಿರಿಯರು ಇಲ್ಲದ ಮನೆಯಾದರೆ ಈ ಮಾತು ಅನ್ವಯಿಸುವುದಿಲ್ಲ. ಆಗ ಅಪ್ಪ ಮೊದಲ ದಿನದಿಂದಲೇ ಮನೆಯಲ್ಲಿರಬೇಕು.

ಖಾಸಗಿ ಕೆಲಸದ ಅಪ್ಪಂದಿರಿಗೆ ನಮ್ಮ ದೇಶದಲ್ಲಿ ಪಿತೃತ್ವ ರಜೆಯ ಕಾನೂನೇ ಇಲ್ಲ. ಇದು ದೊಡ್ಡ ಕೊರತೆ. ವಾರ್ಷಿಕ ರಜೆಯಿಂದಲೇ ಅವರು ಹೊಂದಿಸಿಕೊಳ್ಳಬೇಕು, ಮತ್ತು ಆ ರಜೆ ಕಚೇರಿ ಇರುವ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಸಿಗುತ್ತದೆ. ಮಂಗಳೂರಿನಲ್ಲಿ ಕೆಲಸವಾದರೆ ದುಡಿದ 20 ದಿನಕ್ಕೊಂದು ರಜೆ. ಕಾಸರಗೋಡಿನಲ್ಲಾದರೆ ಒಂದು ವರ್ಷ ತುಂಬಿದ ಮೇಲೆ 12 ದಿನ. ಗರ್ಭ ನಿಂತ ಸುದ್ದಿ ತಿಳಿದ ದಿನದಿಂದಲೇ ಅವನ್ನು ಉಳಿಸುತ್ತ ಬನ್ನಿ. ಮದುವೆ, ಭೂತಕೋಲ, ಪೂಜೆಗೆಂದು ಒಂದೊಂದೇ ಖರ್ಚಾಗುವುದನ್ನು ಆ ವರ್ಷ ತಡೆಯಬೇಕು.

ಯುಎಇಯಲ್ಲಿ ದುಡಿಯುವವರಿಗೆ ಅಲ್ಲಿನ 2021ರ ಕಾರ್ಮಿಕ ಕಾನೂನಿನಂತೆ ಐದು ಕೆಲಸದ ದಿನಗಳ ಪೋಷಕ ರಜೆ ಇದೆ. ಮಗು ಹುಟ್ಟಿದ ಆರು ತಿಂಗಳೊಳಗೆ ಪಡೆಯಬೇಕು. ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಅದಕ್ಕೆ 30 ದಿನಗಳ ವಾರ್ಷಿಕ ರಜೆಯನ್ನು ಜೋಡಿಸಿ, ಹೆಂಡತಿ ಕೆಲಸಕ್ಕೆ ಮರಳುವ ತಿಂಗಳಿಗೆ ಊರಿಗೆ ಬರುವಂತಾದರೆ ಅದಕ್ಕಿಂತ ಒಳ್ಳೆಯ ನೆರವು ಬೇರೆ ಇಲ್ಲ.

ಮರಳುವ ವಾರ

ಉಳಿದ ಗಳಿಕೆ ರಜೆಯನ್ನೆಲ್ಲ ಹೆರಿಗೆ ರಜೆಯ ಬಾಲಕ್ಕೆ ಅಂಟಿಸುವ ರೂಢಿ ಇದೆ. ನಾನು ಒಪ್ಪುವುದಿಲ್ಲ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳು ರಜೆಯೊಳಗೇ ಮುಗಿಯುತ್ತವೆ ನಿಜ. ಆದರೆ ಒಂಬತ್ತನೆಯ ತಿಂಗಳ ಲಸಿಕೆ, ಮರುದಿನದ ಜ್ವರ, ಮಳೆಗಾಲದ ಶೀತ, ಅಜ್ಜಿಗೇ ಹುಷಾರಿಲ್ಲದ ದಿನ, ಇವೆಲ್ಲ ಬರುವುದು ಆಮೇಲೆ. ಹತ್ತು ದಿನವಾದರೂ ಕೈಯಲ್ಲಿರಲಿ. ಅದರಲ್ಲಿ ಮೂರನ್ನು ಮಾತ್ರ ಹೀಗೆ ಬಳಸಿ: ರಜೆ ಭಾನುವಾರ ಮುಗಿದರೆ ಸೋಮವಾರದಿಂದ ಬುಧವಾರದವರೆಗೆ ಗಳಿಕೆ ರಜೆ ಹಾಕಿ ಗುರುವಾರ ಕೆಲಸಕ್ಕೆ ಹೋಗಿ. ಎರಡು ದಿನ ಕಳೆದರೆ ವಾರಾಂತ್ಯ ಬರುತ್ತದೆ. ಹಾಲು, ನಿದ್ದೆ, ರೈಲಿನ ಸಮಯ ಎಲ್ಲಿ ತಪ್ಪಿತು ಎಂದು ಸರಿಮಾಡಿಕೊಳ್ಳಬಹುದು. ಶನಿವಾರವೂ ಕೆಲಸವಿರುವವರು ಶುಕ್ರವಾರ ಹೋಗಲಿ.

ಅದಕ್ಕೆ ಎರಡು ವಾರ ಮುಂಚೆಯೇ ತಾಲೀಮು ಬೇಕು. ಮಗುವನ್ನು ನೋಡಿಕೊಳ್ಳುವವರ ಕೈಗೆ ಒಪ್ಪಿಸಿ ಮೊದಲು ಒಂದು ಗಂಟೆ, ಆಮೇಲೆ ಅರ್ಧ ದಿನ ಹೊರಗೆ ಹೋಗಿಬನ್ನಿ. ಹಿಂಡಿಟ್ಟ ಎದೆಹಾಲು ಫ್ರಿಜ್‌ನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ, ಬಾಗಿಲಿನಲ್ಲಿ ಇಡಬೇಡಿ. ಕರಾವಳಿಯ ಸೆಕೆಯಲ್ಲಿ ಹೊರಗಂತೂ ಇಡಲೇಬಾರದು. ಕಚೇರಿಯಲ್ಲಿ ಹಿಂಡಿದ್ದನ್ನು ಮನೆಗೆ ತರಲು ಮುಚ್ಚಳ ಬಿಗಿಯಾದ ಡಬ್ಬಿ, ಮಂಜುಗಡ್ಡೆಯ ಚೀಲ ಇರಲಿ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಹಾಲುಣಿಸುವ ಬಿಡುವು ಕಾನೂನಿನಲ್ಲೇ ಇದೆ. ಮಗು ಜೊತೆಗಿಲ್ಲದಿದ್ದರೂ ಆ ಬಿಡುವನ್ನು ಹಾಲು ಹಿಂಡಲು ಕೇಳಿ ಪಡೆದುಕೊಳ್ಳಿ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುವಿಹಾರದ ವ್ಯವಸ್ಥೆ ಮಾಡಬೇಕು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು.

ರಜೆಯೇ ಇಲ್ಲದವರು, ತಡೆಯಾದವರು

ಮನೆಯಲ್ಲೇ ಹೊಲಿಗೆ ಮಾಡುವವರು, ಕೂಲಿಗೆ ಹೋಗುವವರಿಗೆ ಸಂಬಳದ ರಜೆ ಎಂಬುದಿಲ್ಲ. ಅವರು ಗರ್ಭಿಣಿಯಾದ ಕೂಡಲೇ ಅಂಗನವಾಡಿಯಲ್ಲಿ ಹೆಸರು ಬರೆಸಿ, ಪ್ರಧಾನಮಂತ್ರಿ ಮಾತೃವಂದನಾ ಯೋಜನೆಗೆ ಅರ್ಜಿ ಹಾಕಬೇಕು. ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಹಣ ದೊಡ್ಡದಲ್ಲ, ಆದರೆ ಕೆಲಸ ಬಿಟ್ಟು ಮಲಗುವ ಮೊದಲ ವಾರಗಳಿಗೆ ಆಸರೆ.

ರಜೆ ಹಾಕಿದ್ದಕ್ಕೆ ಕೆಲಸದಿಂದ ತೆಗೆದರೆ, ರಜೆಯಲ್ಲಿದ್ದಾಗ ಸೇವಾ ಷರತ್ತು ಕೆಡಿಸಿದರೆ ಅದು ಅಪರಾಧ. 60 ದಿನಗಳೊಳಗೆ ದೂರು ಕೊಡಬೇಕು. ಕಚೇರಿ ಮಂಗಳೂರಿನಲ್ಲಿದ್ದರೆ ಅಲ್ಲಿನ ಕಾರ್ಮಿಕ ಇಲಾಖೆಗೆ, ಕಾಸರಗೋಡಿನಲ್ಲಿದ್ದರೆ ಜಿಲ್ಲಾ ಕಾರ್ಮಿಕ ಕಚೇರಿಗೆ. ಮನೆ ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ರಜೆಯ ಪತ್ರದ ಪ್ರತಿ, ಅದು ತಲುಪಿದ್ದಕ್ಕೆ ಸಹಿ ಅಥವಾ ಇಮೇಲ್, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ತಾಯಿ ಕಾರ್ಡ್ ಇವಿಷ್ಟನ್ನು ದೂರಿನ ಜೊತೆ ಲಗತ್ತಿಸಿ, ಒಂದು ಪ್ರತಿಗೆ ಮೊಹರು ಹಾಕಿಸಿಕೊಂಡು ಬನ್ನಿ.